ಅಭ್ಯರ್ಥಿಯ ಓದು, ಸೇವೆ: ಕರಪತ್ರದಲ್ಲಿರೋದನ್ನ ಪರೀಕ್ಷಿಸೋದು ಹೇಗೆ?

ಪ್ರಶ್ನೆ: ಮೇಡಂ, ನಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಇಪ್ಪತ್ತೇಳು ವರ್ಷದ ಹುಡುಗನೊಬ್ಬ ಪಕ್ಷೇತರನಾಗಿ ನಾಮಪತ್ರ ಹಾಕಿದ್ದಾನೆ. ಕರಪತ್ರದಲ್ಲಿ 'ಎಂ.ಎ., ಬಿ.ಇಡಿ., ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ, ಐದು ವರ್ಷದಿಂದ ಸಮಾಜಸೇವೆ' ಅಂತಿದೆ. ಮಾತು ಚೆನ್ನಾಗಿದೆ, ನಮ್ಮ ಮನೇಲಿ ಎಲ್ಲರಿಗೂ ಇಷ್ಟವಾಗಿದ್ದಾನೆ. ಆದ್ರೆ ಇದೆಲ್ಲ ನಿಜವಾ ಅಂತ ತಿಳಿಯೋದು ಹೇಗೆ?

ಉತ್ತರ (ವಕೀಲೆ): ಕರಪತ್ರ ಪಕ್ಕಕ್ಕಿಟ್ಟು ಅವರ ಅಫಿಡವಿಟ್ ನೋಡಿ. ನಾಮಪತ್ರದ ಜೊತೆ ಫಾರಂ 26 ಅನ್ನೋ ಪ್ರಮಾಣಪತ್ರ ಕೊಡಲೇಬೇಕು. ಅದನ್ನು ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಹಾಕಿರುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳ ಜೊತೆಗೆ ವಿದ್ಯಾರ್ಹತೆಯ ಕಲಂ ಇರುತ್ತೆ. ಅಲ್ಲಿ 'ಪದವೀಧರ' ಅಂತ ಗೀಚಿದರೆ ಸಾಲದು. ಕೋರ್ಸಿನ ಪೂರ್ತಿ ಹೆಸರು, ಕಾಲೇಜು ಅಥವಾ ವಿಶ್ವವಿದ್ಯಾಲಯ, ಮುಗಿಸಿದ ವರ್ಷ ಮೂರೂ ಬರೆಯಬೇಕು. ಕರಪತ್ರದಲ್ಲಿ ಎಂ.ಎ. ಇದ್ದು ಅಫಿಡವಿಟ್‌ನಲ್ಲಿ ಬಿ.ಎ. ಇದ್ದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ. ವಿಶ್ವವಿದ್ಯಾಲಯದ ಹೆಸರು ಕೇಳಿದ್ದೇ ಇಲ್ಲ ಅನ್ನಿಸಿದರೆ, ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಒಮ್ಮೆ ನೋಡಿ.

ಸುಳ್ಳು ಬರೆದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 125ಎ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟೂ ಬೀಳಬಹುದು. ಮಣಿಪುರದ ಮೊಯಿರಾಂಗ್ ಕ್ಷೇತ್ರದಲ್ಲಿ 2012ರಲ್ಲಿ ಗೆದ್ದವರು ಮೈಸೂರು ವಿಶ್ವವಿದ್ಯಾಲಯದ ಎಂಬಿಎ ಇದೆ ಅಂತ ಘೋಷಿಸಿದ್ದರು. ಇರಲಿಲ್ಲ. ಬರೆಯುವಾಗ ಗುಮಾಸ್ತರಿಂದಾದ ತಪ್ಪು ಅಂತ ವಾದಿಸಿದರು, ಆದರೆ ಹಿಂದಿನ ಚುನಾವಣೆಯಲ್ಲೂ ಅದನ್ನೇ ಬರೆದಿದ್ದರು! 2016ರಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆ ಅಸಿಂಧು ಅನ್ನೋದನ್ನ ಎತ್ತಿಹಿಡಿಯಿತು.

ಮತ್ತೊಬ್ಬರ ಪ್ರಶ್ನೆ: ಓದು ಕಮ್ಮಿ ಇದ್ದವರು ನಿಲ್ಲೋ ಹಾಗೇ ಇಲ್ವಾ ಹಾಗಾದ್ರೆ?

ಉತ್ತರ: ಧಾರಾಳವಾಗಿ ನಿಲ್ಲಬಹುದು. ವಿಧಾನಸಭೆಗೆ 25 ವರ್ಷ ತುಂಬಿರಬೇಕು, ಓದಿನ ಷರತ್ತಿಲ್ಲ. ಹರಿಯಾಣದಲ್ಲಿ ಪಂಚಾಯ್ತಿ ಚುನಾವಣೆಗೆ ಅಂಥ ಷರತ್ತು ತಂದರು, 2015ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು ಕೂಡ. ನನಗಂತೂ ಅದು ಸರಿ ಅನ್ನಿಸಿಲ್ಲ. ಏಳನೇ ಕ್ಲಾಸು ಓದಿ ನಿಜ ಬರೆದವರು ನನ್ನ ಲೆಕ್ಕದಲ್ಲಿ ಸುಳ್ಳು ಎಂ.ಎ.ಗಿಂತ ಮೇಲು.

ಪ್ರಶ್ನೆ: ಅಫಿಡವಿಟ್ ನೋಡಿದೆ ಮೇಡಂ. ಎಂ.ಎ., ಬಿ.ಇಡಿ. ಎರಡೂ ವರ್ಷದ ಸಮೇತ ಇವೆ. ಸಮಾಜಸೇವೆ ಬಗ್ಗೆ ಒಂದಕ್ಷರ ಇಲ್ಲ.

ಉತ್ತರ: ಇರೋದಿಲ್ಲ, ಅದಕ್ಕೆ ಕಲಮೇ ಇಲ್ಲ. ಹಾಗಾಗಿಯೇ ಕರಪತ್ರದಲ್ಲಿ ಅತಿ ಹೆಚ್ಚು ಉಬ್ಬೋದು ಆ ಭಾಗ. ಆದರೆ ಊರಿನ ಕೆಲಸ ಮಾಡಿದವರ ಹೆಸರು ಎಲ್ಲೋ ಒಂದು ಕಡೆ ಕಾಗದದಲ್ಲಿ ಉಳಿದಿರುತ್ತೆ. ಅತಿಥಿ ಶಿಕ್ಷಕರಾಗಿದ್ದರೆ ಆ ಶಾಲೆಯ ಮುಖ್ಯಶಿಕ್ಷಕರಿಗೆ ಗೊತ್ತಿರುತ್ತೆ, ಗೌರವಧನ ಕೊಟ್ಟ ದಾಖಲೆ ಇರುತ್ತೆ. ಗ್ರಾಮಸಭೆಯಲ್ಲಿ ನೀರು, ರಸ್ತೆ ಅಂತ ಎದ್ದು ಮಾತಾಡಿದ್ದರೆ ನಡಾವಳಿ ಪುಸ್ತಕ ನೋಡಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ತೋರಿಸದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಅವಕಾಶ ಇರೋದರಿಂದ ಮತದಾನದೊಳಗೆ ಬರದೇ ಇರಬಹುದು.

ನನಗೆ ಅನುಮಾನ ಬಂದಿರೋದು ಎಸ್‌ಡಿಎಂಸಿ ಅಧ್ಯಕ್ಷ ಅನ್ನೋದರ ಮೇಲೆ. ಆ ಸ್ಥಾನ ಶಾಲೆಯಲ್ಲಿ ಓದೋ ಮಕ್ಕಳ ಪೋಷಕರಿಗೆ ಮೀಸಲು. ಇವರಿಗೆ ಮಕ್ಕಳಿದ್ದಾರಾ?

ಪ್ರಶ್ನೆ: ಮದುವೆಯೇ ಆಗಿಲ್ಲ!

ಉತ್ತರ: ಹಾಗಂತ ಈಗಲೇ ಸುಳ್ಳುಗಾರ ಅನ್ನಬೇಡಿ. ಅಣ್ಣನ ಮಗುವಿಗೆ ಪಾಲಕರಾಗಿ ಸೇರಿರಬಹುದು. ಮನೆಗೆ ಮತ ಕೇಳೋಕೆ ಬಂದಾಗ ಯಾವ ಶಾಲೆ, ಯಾವ ವರ್ಷ, ಯಾವ ಮಗುವಿನ ಪರವಾಗಿ ಅಂತ ನೇರವಾಗಿ ಕೇಳಿ. ನಿಜವಾಗಿ ಮಾಡಿದವರು ಸಿಟ್ಟಾಗಲ್ಲ, ವಿವರ ಹೇಳೋಕೆ ಶುರು ಮಾಡ್ತಾರೆ, ನಿಲ್ಲಿಸೋದೇ ಕಷ್ಟ.

ಮತ್ತೊಬ್ಬರ ಪ್ರಶ್ನೆ: ಓದಿನ ಬಗ್ಗೆ ಅಫಿಡವಿಟ್‌ನಲ್ಲೇ ಸುಳ್ಳಿದ್ದರೆ ನಾಮಪತ್ರ ಪರಿಶೀಲನೆ ದಿನವೇ ತಡೆಯಬಹುದಾ?

ಉತ್ತರ: ಸಾಮಾನ್ಯವಾಗಿ ಆಗಲ್ಲ. ಕಲಂ ಖಾಲಿ ಬಿಟ್ಟು, ತುಂಬಿಸಿ ಅಂತ ಹೇಳಿದ ಮೇಲೂ ತುಂಬದಿದ್ದರೆ ಚುನಾವಣಾಧಿಕಾರಿ ತಿರಸ್ಕರಿಸಬಹುದು. ಬರೆದದ್ದು ನಿಜವೋ ಸುಳ್ಳೋ ಅಂತ ಅವರು ಅಲ್ಲಿ ವಿಚಾರಣೆಗೆ ಕೂರಲ್ಲ. ಆ ಅಭ್ಯರ್ಥಿ ಗೆದ್ದರೆ, ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಸೋತ ಅಭ್ಯರ್ಥಿಯೇ ಹಾಕಬೇಕಂತಿಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು.