ಮನೆ ಗುಂಪಿಗೆ ಬಂದ ಹಸ್ಕಿ ವಿಡಿಯೋ

ಕ್ರಿಸ್‌ಮಸ್ ರಜೆ ದಿನ ಬೆಳಿಗ್ಗೆ ಗಂಗಾವತಿ ಅತ್ತೆ ಒಂದು ವಿಡಿಯೋ ಹಾಕಿದರು. ಸುತ್ತ ಹಿಮ, ಮುಂದೆ ಎರಡು ಹಸ್ಕಿ ನಾಯಿ, ಹಿಂದೆ ಕಾಲಿಗೆ ಹಿಮದಲ್ಲಿ ಜಾರುವ ಸ್ಕೀ ಹಲಗೆ ಕಟ್ಟಿಕೊಂಡ ಹೆಂಗಸು.

ಗಂಗಾವತಿ ಅತ್ತೆ: ಮೂರು ದಿನ ಉಪವಾಸ ಕೆಡವಿ ಓಡಿಸುತ್ತಾರಂತೆ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ಮೂಕಪ್ರಾಣಿ ಶಾಪ ತಟ್ಟದೆ ಬಿಡಲ್ಲ. ದುಡ್ಡು ಜಾಸ್ತಿ ಆದರೆ ಹೀಗೇ.

ಹೊಸಪೇಟೆ ಅಕ್ಕ: ಅತ್ತೆ, ಉಪವಾಸ ಅಂತ ಯಾರು ಹೇಳಿದರು? ವಿಡಿಯೋದಲ್ಲಿ ಎಲ್ಲಿದೆ?

ಅತ್ತೆ: ನಮ್ಮ ಭಜನಾ ಗುಂಪಿನಿಂದ ಬಂದಿದ್ದು. ಅವರು ಸುಳ್ಳು ಹೇಳಲ್ಲ.

ಅಕ್ಕ: ಉಪ್ಪು ಸಿಗಲ್ಲ ಅಂತ ಬಂದಿದ್ದೂ ಅದೇ ಗುಂಪಿನಿಂದ. ಹತ್ತು ಕೆಜಿ ತಂದಿಟ್ಟಿರಿ.

ಅತ್ತೆ: ನಿನ್ನ ಮನೆ ಉಪ್ಪಿನಕಾಯಿಗೆ ಹಾಕಿದ್ದು ಅದೇ ಉಪ್ಪು.

ನಾನು: ಅತ್ತೆ, ಶುರುವನ್ನು ಇನ್ನೊಮ್ಮೆ ನೋಡಿ. ಹಗ್ಗ ಸಿಕ್ಕಿಸುವ ಮೊದಲೇ ನಾಯಿಗಳು ಎಗರಾಡಿ ಕೂಗುತ್ತಿವೆ, ಹೋಗೋಣ ಹೋಗೋಣ ಅಂತ. ಸ್ಕೀ ಕಟ್ಟಿದವರನ್ನು ನಾಯಿ ಎಳೆಯುವ ಈ ಆಟಕ್ಕೆ ಸ್ಕೀಜೋರಿಂಗ್ ಅಂತಾರೆ. ಆಕೆಯ ಕೈಯಲ್ಲಿ ಲಗಾಮೂ ಇಲ್ಲ, ಚಾಟಿಯೂ ಇಲ್ಲ. ಹಗ್ಗ ಸೊಂಟದ ಪಟ್ಟಿಗೆ ಕಟ್ಟಿದೆ. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ, ಎಲ್ಲ ಬಾಯಿಮಾತಲ್ಲೇ. ಜಗ್ಗುವ ಭಾರ ನಾಯಿಯ ಕುತ್ತಿಗೆಗಲ್ಲ, ಎದೆ ಭುಜಕ್ಕೆ ಬೀಳುತ್ತದೆ. ಹಗ್ಗದಲ್ಲಿ ಹಿಗ್ಗುವ ಭಾಗವೂ ಇರುತ್ತದೆ, ನಾಯಿಗೆ ಜಗ್ಗು ತಟ್ಟಬಾರದು ಅಂತ. ಆಕೆಯೂ ಸುಮ್ನೆ ನಿಂತಿಲ್ಲ, ಕೋಲು ಊರಿ ತಾನೂ ಜಾರುತ್ತಿದ್ದಾಳೆ.

ದೊಡ್ಡಪ್ಪ: ಎತ್ತು ದುಡಿದರೆ ಅನ್ನ ಬರುತ್ತದೆ. ನಾಯಿ ಓಡಿದರೆ ಯಾರಿಗೆ ಏನು ಲಾಭ?

ನಾನು: 1925ರಲ್ಲಿ ಅಲಾಸ್ಕಾದ ನೋಮ್ ಊರಲ್ಲಿ ಗಂಟಲಮಾರಿ ಎದ್ದಿತ್ತು ದೊಡ್ಡಪ್ಪ. ಸುಮಾರು 1,085 ಕಿ.ಮೀ. ದೂರ ಔಷಧಿ ಮುಟ್ಟಿಸಿದ್ದು ಸ್ಲೆಡ್, ಅಂದರೆ ಹಿಮದ ಮೇಲೆ ಜಾರುವ ಬಂಡಿ, ಎಳೆಯುವ ಇಂಥ ನಾಯಿಗಳೇ, ಒಂದು ತಂಡದಿಂದ ಇನ್ನೊಂದು ತಂಡಕ್ಕೆ ದಾಟಿಸಿಕೊಂಡು.

ಸಿರುಗುಪ್ಪ ಕಾಕಾ: ನಮ್ಮಪ್ಪನ ಎತ್ತುಗಳೂ ಮಾತಿಗೇ ತಿರುಗುತ್ತಿದ್ದವು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ. ಕರಿ ಹರಿಯಲು ಬಿಟ್ಟರೆ ಅಗಸಿ ದಾಟಿದ ಮೇಲೇ ನಿಲ್ಲುತ್ತಿದ್ದುದು. ಅವನ್ನು ಮಾರಿದ ದುಡ್ಡು ಮಾತ್ರ ಯಾರ ಟ್ರ್ಯಾಕ್ಟರಿಗೆ ಹೋಯಿತೋ.

ದೊಡ್ಡಪ್ಪ: ಹೆಸರು ಹಿಡಿದೇ ಮಾತಾಡು ತಮ್ಮಾ. ಆ ಟ್ರ್ಯಾಕ್ಟರ್ ನಿನ್ನ ಹೊಲವನ್ನೂ ಉತ್ತಿದೆ.

ಕಾಕಾ: ಡೀಸೆಲ್ ದುಡ್ಡು ಇಸ್ಕೊಂಡು.

ಆಮೇಲೆ ಎಷ್ಟೋ ಹೊತ್ತು ಎತ್ತಿನದೇ ಮಾತು. ನನ್ನನ್ನು ಕಾಡುತ್ತಿದ್ದುದು ಬೇರೆ. ಅತ್ತೆಯ ಮಗ ಬಸು ಬಳ್ಳಾರಿಯಲ್ಲಿ ಹಸ್ಕಿ ಸಾಕಿದ್ದಾನೆ. ಈ ವಿಡಿಯೋಗೆ ಮೊದಲು ಅಳುವ ಇಮೋಜಿ ಹಾಕಿದವನೂ ಅವನೇ.

ನಾನು: ಬಸು, ನನಗೆ ಪಾಪ ಅನ್ನಿಸುವುದು ನಿನ್ನ ರಾಕಿಯನ್ನು ನೋಡಿದರೆ. ಸೈಬೀರಿಯಾದ ಚುಕ್ಚಿ ಜನ ಸ್ಲೆಡ್ ಎಳೆಯಲು ಬೆಳೆಸಿದ ತಳಿ ಅದು. ಮೈಮೇಲೆ ಎರಡು ಪದರ ಕೂದಲು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರಲ್ಲ, ತೇಕಿಯೇ ತಣ್ಣಗಾಗಬೇಕು. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೋದ ವರ್ಷ ಅದು ಬಚ್ಚಲ ಕಲ್ಲಿಗೆ ಹೊಟ್ಟೆ ಒತ್ತಿ, ನಾಲಿಗೆ ಪಕ್ಕಕ್ಕೆ ಜೋತುಬಿಟ್ಟು ಮಲಗಿತ್ತು. ನೀನು ಅದನ್ನೇ ಸ್ಟೇಟಸ್ ಹಾಕಿದ್ದೆ.

ಬಸು: ಎಸಿ ಹಾಕಿಸಿದ್ದೇನಲ್ಲ!

ಅಕ್ಕ: ಕರೆಂಟ್ ಹೋದಾಗ?

ಬಸು: ನಾನು ಏನು ತಂದರೂ ನಿಮ್ಮಿಬ್ಬರಿಗೆ ಹೊಟ್ಟೆಯುರಿ. ಬುಲೆಟ್ ತಂದಾಗಲೂ ಹೀಗೇ ಮಾಡಿದಿರಿ.

ಅತ್ತೆ: ನಾನು ಹಾಕಿದ್ದು ವಿದೇಶದ ವಿಡಿಯೋ. ನನ್ನ ಮಗನನ್ನು ಯಾಕೆ ಎಳೆಯುತ್ತೀರಿ?

ನಾನು: ಬೈಯುತ್ತಿಲ್ಲ ಅತ್ತೆ. ಆ ನಾಯಿ ಉಳಿಯಲಿ ಅಂತ ಹೇಳುತ್ತಿದ್ದೇನೆ.

ಮಧ್ಯಾಹ್ನದ ಊಟದ ನಂತರ ಬಸು ಮತ್ತೆ ಬಂದ.

ಬಸು: ಬೇಸಿಗೆಗೆ ಕೂದಲು ಬೋಳಿಸಿಬಿಡಲಾ?

ನಾನು: ಬೇಡಪ್ಪ. ಮೇಲಿನ ಪದರವೇ ಬಿಸಿಲಿಗೆ ಅಡ್ಡ. ದಿನಾ ಬಾಚಿ, ಉದುರುವ ಒಳಕೂದಲು ತೆಗಿ. ಬೇಸಿಗೆಯಲ್ಲಿ ಹೊತ್ತೇರುವ ಮೊದಲೇ ತಿರುಗಾಡಿಸು. ಮಧ್ಯಾಹ್ನ ಡಾಂಬರ್ ರಸ್ತೆಗೆ ಇಳಿಸಲೇಬೇಡ, ಪಾದ ಸುಡುತ್ತದೆ. ಈಗ ಚಳಿ ಇದೆ, ನಸುಕಿನಲ್ಲಿ ಚೆನ್ನಾಗಿ ಓಡಲಿ ಬಿಡು.

ಬಸು: ಎಳೆದರೆ ನನ್ನ ಭುಜವೇ ಕಿತ್ತು ಬರುತ್ತದೆ.

ನಾನು: ಎಳೆಯುವುದು ಅದರ ಹುಟ್ಟುಗುಣ ಅಲ್ವಾ. ಕುತ್ತಿಗೆ ಪಟ್ಟಿಗೆ ಹಗ್ಗ ಕಟ್ಟಬೇಡ, ಎದೆಗೆ ಹಾಕುವ ಹಾರ್ನೆಸ್ ತಾ.

ಕಾಕಾ: ನಾಯಿಗೆ ಪಟ್ಟಿ ತರಲು ದುಡ್ಡಿದೆ. ಎತ್ತಿನ ಲೆಕ್ಕ ಮಾತ್ರ ಯಾರೂ ಹೇಳಲ್ಲ.

ದೊಡ್ಡಪ್ಪ: ಭಾನುವಾರ ಬಾ. ಲೆಕ್ಕದ ಪುಸ್ತಕ ತೆಗೆದು ತೋರಿಸುತ್ತೇನೆ.