ಜತ್ತದಲ್ಲಿ ಮುಧೋಳ ನಾಯಿಗಳ ಕೆನಲ್ ಮಾಡಬೇಕು, ತಿಳಿದವರು ಹೇಳಿ

ಜತ್ತದ ಕುರಿಹಟ್ಟಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು. ಅಜ್ಜನ ಕಾಲದಿಂದ ಮನೆಯಲ್ಲಿ ಕುರಿ ಇವೆ, ಕುರಿ ಜೊತೆ ಮುಧೋಳ ನಾಯಿ. ನಾನು ಎದ್ದು ನಿಂತು ನಡೆದದ್ದೇ ನಾಯಿಯ ಬೆನ್ನು ಹಿಡಿದು ಅಂತ ಅವ್ವ ಈಗಲೂ ಹೇಳುತ್ತಾಳೆ. ಈಗ ನನಗೆ 36. ದಾಳಿಂಬೆ ತೋಟದ ಪಕ್ಕ ಅರ್ಧ ಎಕರೆ ಖಾಲಿ ಇದೆ. ಅಲ್ಲಿ ನಾಯಿ ಸಾಕಿ ಮರಿ ಮಾಡಿಸುವ ಒಂದು ಕೆನಲ್ ಮಾಡುವ ಆಸೆ ಬಹಳ ವರ್ಷದ್ದು.

ನಮ್ಮ ಹೆಣ್ಣು ನಾಯಿ ಚಂದ್ರಿಗೆ 14 ತಿಂಗಳು. ಮೊದಲ ಸಲ ಬೆದೆಗೆ ಬಂದಿದೆ. ಪಕ್ಕದ ಊರಲ್ಲಿ ಅದೇ ಬಣ್ಣದ ಗಂಡು ನಾಯಿ ಇದೆ, ಜಾತಿ ನೋಂದಣಿಯ ಕಾಗದ ಇಲ್ಲ. ಎರಡು ಮರಿ ಕೊಟ್ಟರೆ ಸಾಕು ಅನ್ನುತ್ತಾರೆ ಅದರ ಮಾಲೀಕರು. ಮಿರಜದಿಂದ ಇಬ್ಬರು ಈಗಲೇ ಮರಿ ಕೇಳಿದ್ದಾರೆ. ಜೋಡಿ ಮಾಡಿಸಲೇ? ಇನ್ನೊಂದು, ಚಂದ್ರಿಯ ಕಾಗದದಲ್ಲಿ ಕ್ಯಾರವಾನ್ ಹೌಂಡ್ ಅಂತ ಇದೆ. ಮುಧೋಳ ಅಲ್ವಾ ಹಾಗಾದರೆ?

ಸ್ಟಾಂಪ್ ಸಂಗ್ರಹ:
ಹೆಸರಿನ ಚಿಂತೆ ಬಿಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದವರು ಕ್ಯಾರವಾನ್ ಹೌಂಡ್ ಅಂತ ಬರೆಯುತ್ತಾರೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್‌ನವರು ಮುಧೋಳ ಹೌಂಡ್ ಅಂತ. ನಾಯಿ ಒಂದೇ. 2005ರಲ್ಲಿ ಅಂಚೆ ಇಲಾಖೆ ತಂದ ಸ್ಟಾಂಪಿನಲ್ಲಿ ಮುಧೋಳ ಹೌಂಡ್ ಅಂತಲೇ ಇದೆ. ಒಂದು ಕ್ಲಬ್ ಹಿಡಿದು ಎಲ್ಲ ಮರಿಗಳ ಕಾಗದ ಅಲ್ಲೇ ಮಾಡಿಸಿ.

ಅಥಣಿ ಅಕ್ಕ:
ತಮ್ಮಾ, ಈ ಬೆದೆಗೆ ಬೇಡ. ದಯವಿಟ್ಟು ಬೇಡ. 2017ರ ನಾಯಿ ಸಾಕಣೆ ನಿಯಮದ ಪ್ರಕಾರ ಹೆಣ್ಣಿಗೆ 18 ತಿಂಗಳು ತುಂಬಿರಬೇಕು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. 8 ವಾರ ಆಗದೆ ಮರಿ ಮಾರುವಂತಿಲ್ಲ. ನೋಂದಣಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ. ನೀವು ಗಡಿಯ ಆ ಕಡೆ ಇದ್ದೀರಿ, ಹಾಗಾಗಿ ಮಹಾರಾಷ್ಟ್ರದ್ದೇ ಆಗಬೇಕು.

ನಿಯಮ ಇರಲಿ, ನನಗಾದದ್ದು ಕೇಳಿ. ನನ್ನ ಮೊದಲ ಸೂಲು ಜನವರಿಯಲ್ಲಿ. ಏಳು ಮರಿ. ತಗಡಿನ ಶೆಡ್, ಕೆಳಗೆ ಬರೀ ಗೋಣಿಚೀಲ. ಮೂರನೇ ದಿನ ಬೆಳಗ್ಗೆ ಹೋಗಿ ನೋಡಿದರೆ ನಾಲ್ಕು ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ತಣ್ಣಗಾಗಿದ್ದವು. ಅದು ಅವನ್ನು ನೆಕ್ಕುತ್ತಲೇ ಇತ್ತು. ಒಂದನ್ನು ಎತ್ತಿಕೊಂಡೆ, ಬಾಯೊಳಗೆ ಬೆರಳಿಟ್ಟರೆ ಅಲ್ಲೂ ತಂಪು. ಹುಟ್ಟಿದ ಮರಿಗೆ ಮೊದಲ ಎರಡು ವಾರ ತನ್ನ ಮೈ ಕಾವು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಈ ಜಾತಿಯ ತಾಯಿಗೂ ಮೈಮೇಲೆ ಕೊಬ್ಬಿಲ್ಲ, ಕೂದಲೂ ತೆಳು. ಇದು ಆಗ ನನಗೆ ಗೊತ್ತಿರಲಿಲ್ಲ. ಈಗ ಮನೆಯೊಳಗೇ ಮರದ ಪೆಟ್ಟಿಗೆ ಇಡುತ್ತೇನೆ. ಮೊದಲ ವಾರ ಅಲ್ಲಿ 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಬಲ್ಬು ಒಂದೇ ಮೂಲೆಗೆ, ಸೆಕೆಯಾದರೆ ಮರಿ ಸರಿದುಕೊಳ್ಳಲು ಜಾಗ ಬೇಕು.

ಗಬ್ಬದ ಲೆಕ್ಕ 63 ದಿನದ ಆಸುಪಾಸು. 58ನೇ ದಿನದಿಂದ ಎರಡು ಹೊತ್ತು ಥರ್ಮಾಮೀಟರ್ ಹಿಡಿಯಿರಿ. 99 ಫ್ಯಾರನ್‌ಹೀಟಿಗಿಂತ ಕೆಳಗೆ ಬಂತೆಂದರೆ ಹೆಚ್ಚುಕಡಿಮೆ ಒಂದು ದಿನದಲ್ಲಿ ಮರಿ ಹಾಕುತ್ತದೆ. ಆ ರಾತ್ರಿ ನಿದ್ದೆ ಇಲ್ಲ ಅಂತಲೇ ತಿಳಿಯಿರಿ.

ಗಂಡಿನ ಬಣ್ಣ ನೋಡಬೇಡಿ. ಅದರ ತಂದೆ ತಾಯಿ ಎಲ್ಲಿಯವು? ನಮ್ಮ ಹಳ್ಳಿಗಳಲ್ಲಿ ಒಂದೇ ಗಂಡನ್ನು ಹತ್ತೂರಿಗೆ ಬಿಡುತ್ತಾರೆ, ಚಂದ್ರಿಗೆ ಅದು ಅಣ್ಣನೇ ಆಗಿರಬಹುದು. ಎರಡಕ್ಕೂ ಬ್ರುಸೆಲ್ಲಾ (ಗಬ್ಬ ಕಳೆಯುವ ಸೋಂಕು) ರಕ್ತ ಪರೀಕ್ಷೆ ಆಗಲೇಬೇಕು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಒಮ್ಮೆ ಹೋಗಿ ಒಳ್ಳೆ ನಾಯಿಗಳ ನಡಿಗೆ, ಎದೆಯ ಆಳ, ಹೊಸಬರನ್ನು ನೋಡುವ ರೀತಿ ಎಲ್ಲ ಕಣ್ತುಂಬ ನೋಡಿ ಬನ್ನಿ. ಮಿರಜದವರು ಫ್ಲ್ಯಾಟಿನಲ್ಲಿದ್ದಾರಾ? ಹಾಗಿದ್ದರೆ ಮರಿ ಕೊಡಬೇಡಿ. ಇದು ಓಡುವ ನಾಯಿ.

ದನದ ಡಾಕ್ಟರ್:
ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಮುಂದೆ ಸಿಸೇರಿಯನ್ ಬೇಕಾದರೆ, ಇದು ಕೊಬ್ಬಿಲ್ಲದ ತೆಳು ಮೈಯ ಓಟದ ಹೌಂಡ್ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಥಯೊಪೆಂಟಾಲ್ ಥರದ ಅರಿವಳಿಕೆ ಈ ಮೈಕಟ್ಟಿನ ನಾಯಿಗಳಲ್ಲಿ ಬೇಗ ಇಳಿಯುವುದಿಲ್ಲ. ಮರಿಗಳಿಗೆ ಎರಡು ವಾರ ತುಂಬಿದಾಗ ಜಂತಿನ ಔಷಧ, ಆರರಿಂದ ಎಂಟು ವಾರದೊಳಗೆ ಪಾರ್ವೊ (ವಾಂತಿ, ರಕ್ತಭೇದಿ ತರುವ ವೈರಸ್) ಲಸಿಕೆ ಶುರು. ತಪ್ಪಿಸಬೇಡಿ.

ಜತ್ತದ ಕುರಿಹಟ್ಟಿ:
ಅಕ್ಕಾ, ನಿಮ್ಮ ಆ ಬೆಳಗ್ಗೆಯದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಪಕ್ಕದೂರಿನವರಿಗೆ ಬೇಡ ಅಂತ ಫೋನ್ ಮಾಡಿದೆ. ಬೆದೆ ಇಳಿಯುವ ತನಕ ಚಂದ್ರಿ ಮನೆಯೊಳಗೇ ಇರುತ್ತದೆ, ಈಗ ನನ್ನ ಕಂಬಳಿ ಮೇಲೆ ಮಲಗಿದೆ.

ನಮ್ಮಜ್ಜ ಟಗರು ತರುವಾಗ ಮೊದಲು ಅದರ ತಾಯಿಯ ಕೆಚ್ಚಲು ನೋಡಿ ಬರುತ್ತಿದ್ದ. ಅದಕ್ಕಾಗಿ ಎರಡು ದಿನ ನಡೆದು ಹೋದದ್ದೂ ಇದೆ. ಅದನ್ನು ಕಣ್ಣಾರೆ ಕಂಡವನು ನಾನು, ನಾಯಿ ವಿಷಯಕ್ಕೆ ಬಂದಾಗ ಬಣ್ಣ ಒಂದೇ ನೋಡಿದೆ. ಮುಂದಿನ ವಾರ ತಿಮ್ಮಾಪುರಕ್ಕೆ ಹೋಗುತ್ತೇನೆ. ಆ ಮರದ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕಳಿಸುತ್ತೀರಾ ಅಕ್ಕಾ? ಬಡಿಗೇರ ಮಾವನಿಗೆ ಈಗಲೇ ಹೇಳಿಡುತ್ತೇನೆ.