ಮುಖಕ್ಕೆ ಬಿಸಿ ಟವೆಲ್ಲು, ಮುಂದೆ ಕನ್ನಡಿ

ಭಾನುವಾರ ಬೆಳಿಗ್ಗೆ ಮಂಜಣ್ಣನ ಕಟಿಂಗ್ ಶಾಪಿನಲ್ಲಿ ಕತ್ತರಿಗಿಂತ ನಾಲಿಗೆಗೆ ಕೆಲಸ ಜಾಸ್ತಿ. ಇರುವುದು ಎರಡು ಕುರ್ಚಿ. ಒಂದರ ಲಿವರು ಕೆಟ್ಟಿದೆ, ಕೂತವರು ಮೆಲ್ಲಗೆ ಕೆಳಗಿಳಿಯುತ್ತಾ ಹೋಗುತ್ತಾರೆ. ಅವತ್ತು ಒಳ್ಳೆ ಕುರ್ಚಿ ನನ್ನ ಪಾಲಿಗೆ ಬಂದಿತ್ತು. ಕುತ್ತಿಗೆಗೆ ಬಿಳಿ ಬಟ್ಟೆ. ಎಡಗಡೆ ಕೃತಾ ಮುಗಿದಿತ್ತು, ಬಲಗಡೆಯದು ಬಾಕಿ. ಬೆಂಚಿನ ಮೇಲೆ ಮೂವರು: ನಮ್ಮ ಮೇಷ್ಟ್ರು, ಬ್ಯಾಂಕಿನಿಂದ ರಿಟೈರಾದ ಶೇಷಣ್ಣ, ಮತ್ತೆ ಕಿಟ್ಟಿ. ಕಿಟ್ಟಿಯ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿಲ್ಲ. ಅವನು ಬರುವುದು ಮಾತಿಗೆ.

ಕಿಟ್ಟಿಗೆ ಈಚೆಗೆ ಪತ್ತೇದಾರಿಕೆಯ ಹುಚ್ಚು ಹಿಡಿದಿದೆ. ರಾತ್ರಿ ಎರಡರವರೆಗೆ ಕೊಲೆಯ ಕತೆ, ಬೆಳಿಗ್ಗೆ ನಮಗೆ ಪಾಠ.

"ದೊಡ್ಡ ಹೋಟೆಲಲ್ಲಿ ಕೊಲೆ ಆದ್ರೆ ಪೊಲೀಸರೇ ಬೇಡ ರೀ. ಬುದ್ಧಿ ಇರೋ ಗಿರಾಕಿ ಒಬ್ಬ ಇದ್ರೆ ಸಾಕು" ಎಂದ.

ಶೇಷಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾವ ಹೋಟೆಲಪ್ಪಾ? ಖಾಲಿ ದೋಸೆದಾ?"

ಅವರದ್ದೂ ತಪ್ಪಲ್ಲ. ನಮ್ಮ ಕಡೆ ಹೋಟೆಲ್ ಅಂದರೆ ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಅಂತಾರೆ, ಅದನ್ನೂ ಸ್ವಲ್ಪ ದನಿ ತಗ್ಗಿಸಿ. ಇಡ್ಲಿ ವಡೆ ಹೋಟೆಲಿನಲ್ಲಿ ಪತ್ತೇದಾರನಿಗೆ ಏನು ಕೆಲಸ? ಚಟ್ನಿಗೆ ನೀರು ಹಾಕಿದ್ದು ಯಾರು ಅಂತ ಹುಡುಕಬೇಕು, ಅಷ್ಟೇ.

"ಅಯ್ಯೋ, ಆ ಹೋಟೆಲಲ್ಲ. ತೂಗುದೀಪ, ಪಿಯಾನೋ, ಬಾಗಿಲು ತೆಗೆಯೋಕೇ ಒಬ್ಬ ಆಳು. ಮೂಲೇಲಿ ಸ್ವೆಟರ್ ಹಾಕ್ತಾ ಕೂತ ಅಜ್ಜಿ. ಹೆಣ ಬೀಳುತ್ತೆ. ಅಜ್ಜಿ ಎಲ್ಲರನ್ನೂ ಹಾಲಲ್ಲಿ ಸೇರಿಸ್ತಾಳೆ. ಒಬ್ಬೊಬ್ಬರ ಮೇಲೂ ಅನುಮಾನ ಹಾಕ್ತಾ ಬಂದು, ಕೊನೆಗೆ ಪಾಪದವನ ಥರ ಕೂತಿರೋ ಡಾಕ್ಟರ ಕಡೆ ಬೆರಳು ತೋರಿಸ್ತಾಳೆ."

"ಅಷ್ಟು ಹೊತ್ತೂ ಡಾಕ್ಟರು ಅಲ್ಲೇ ಕೂತಿರ್ತಾನಾ? ಬಸ್ಸು ಹತ್ತಿ ಹೋಗಲ್ವಾ?" ಎಂದು ಮಂಜಣ್ಣ ನನ್ನ ಕಿವಿ ಮಡಚುತ್ತಾ ಕೇಳಿದರು.

ಕಿಟ್ಟಿ ಉತ್ತರಿಸಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮೇಷ್ಟ್ರು ಕನ್ನಡಕ ಒರೆಸಿದರೆ ಒಂದು ಪೀರಿಯಡ್ ಹೋಯಿತು ಅಂತಲೇ ಲೆಕ್ಕ.

"ನಿಜವಾಗಿ ಆದದ್ದೊಂದು ಹೇಳ್ತೀನಿ, ಬಿಡಿಸು ನೋಡೋಣ. ನ್ಯೂಯಾರ್ಕು. 1957, ಅಕ್ಟೋಬರ್ 25. ಬೆಳಿಗ್ಗೆ ಹತ್ತು ಗಂಟೆ ದಾಟಿದೆ. ಸೆವೆಂತ್ ಅವೆನ್ಯೂನಲ್ಲಿ ಪಾರ್ಕ್ ಶೆರಟನ್ ಅಂತ ಭಾರೀ ಹೋಟೆಲು. ಕಾರ್ನೆಗಿ ಹಾಲ್ ಅನ್ನೋ ಸಂಗೀತ ಸಭಾಂಗಣದ ಹತ್ತಿರವೇ. ಅಧ್ಯಕ್ಷರ ಹೆಂಡತಿ ಆಗಿದ್ದ ಎಲೀನರ್ ರೂಸ್‌ವೆಲ್ಟ್ ಒಂದಷ್ಟು ಕಾಲ ಮನೆ ಮಾಡಿಕೊಂಡಿದ್ದಷ್ಟು ಮರ್ಯಾದಸ್ಥ ಜಾಗ. ಅದರ ನೆಲಮಾಳಿಗೇಲಿ ಅಲ್ಲ, ರಸ್ತೆ ಮಟ್ಟದಲ್ಲೇ ಒಂದು ಕಟಿಂಗ್ ಶಾಪು."

"ಹೋಟೆಲೊಳಗೆ ಕಟಿಂಗ್ ಶಾಪಾ?" ಮಂಜಣ್ಣನ ಕತ್ತರಿ ನಿಂತಿತು. "ಬಾಡಿಗೆ ಎಷ್ಟಂತೆ?"

"ಅದು ಗೊತ್ತಿಲ್ಲಪ್ಪ. ಅಲ್ಲಿಗೆ ಒಬ್ಬ ಗಿರಾಕಿ ಬರ್ತಾನೆ. ಆಲ್ಬರ್ಟ್ ಅನಸ್ತಾಸಿಯಾ. ಇಟಲಿಯಿಂದ ಹೋದವನು. ಸುಪಾರಿ ತಗೊಂಡು ಕೊಲ್ಲೋ ದೊಡ್ಡ ಗ್ಯಾಂಗನ್ನೇ ನಡೆಸಿದವನು, ಪೇಪರಿನವರು ಅದನ್ನ ಮರ್ಡರ್ ಇಂಕಾರ್ಪೊರೇಟೆಡ್ ಅಂತಿದ್ರು. ಅಂದ್ರೆ ಕೊಲೆ ಕಂಪನಿ."

"ಲಿಮಿಟೆಡ್ಡಾ, ಪ್ರೈವೇಟ್ ಲಿಮಿಟೆಡ್ಡಾ?" ಬ್ಯಾಂಕಿನವರ ಬುದ್ಧಿ.

"ಸುಮ್ನಿರೋ ಶೇಷ. ಡ್ರೈವರ್ ಇವನನ್ನ ಇಳಿಸಿ, ಕಾರು ನಿಲ್ಲಿಸಿ, ಹಾಗೇ ಗಾಳಿ ಸೇವನೆಗೆ ಹೋಗ್ತಾನೆ. ಅವನೇ ಮೈಗಾವಲಿನವನೂ ಹೌದು. ಇವನು ಕುರ್ಚೀಲಿ ಒರಗ್ತಾನೆ, ಕಣ್ಣು ಮುಚ್ತಾನೆ. ಮುಖಕ್ಕೆ ಬಟ್ಟೆ ಕಟ್ಟಿದ ಇಬ್ಬರು ಒಳಗೆ ಬಂದು, ಬಾರ್ಬರನ್ನ ಪಕ್ಕಕ್ಕೆ ತಳ್ಳಿ, ಗುಂಡು ಹಾರಿಸ್ತಾರೆ. ಏಟು ಬಿದ್ದ ಅನಸ್ತಾಸಿಯಾ ಎದ್ದು ಅವರ ಮೇಲೆ ಹಾರಿದ. ಆದ್ರೆ ಹಾರಿದ್ದು ಅವರ ಮೇಲಲ್ಲ, ಕನ್ನಡೀಲಿ ಕಾಣ್ತಿದ್ದ ಅವರ ಪ್ರತಿಬಿಂಬದ ಮೇಲೆ. ಹಾಗಂತ ಹೇಳ್ತಾರೆ."

"ಸುಳ್ಳು. ಅಷ್ಟು ದೊಡ್ಡ ರೌಡಿಗೆ ಕನ್ನಡಿ ಯಾವುದು, ಮನುಷ್ಯ ಯಾವುದು ಗೊತ್ತಾಗಲ್ವಾ?" ಎಂದ ಕಿಟ್ಟಿ. ತಕ್ಷಣ ಎದ್ದು ನಿಂತ. "ಪರೀಕ್ಷೆ ಮಾಡೇಬಿಡೋಣ. ಎಲ್ಲ ಪತ್ತೇದಾರರೂ ಇದನ್ನೇ ಮಾಡೋದು."

ಹೀಗೆ ಬಲಗಡೆಯ ಕೃತಾ ಬಾಕಿ ಇರುವಾಗಲೇ ನಾನು ಕೊಲೆಯಾಗಬೇಕಾಯಿತು.

ಮಂಜಣ್ಣ ಫ್ಲಾಸ್ಕಿನ ಬಿಸಿನೀರಲ್ಲಿ ಟವೆಲ್ಲು ಅದ್ದಿ, ಹಿಂಡಿ, ನನ್ನ ಮುಖಕ್ಕೆ ಹೊದಿಸಿದರು. ಶೇಷಣ್ಣನಿಗೆ ಡ್ರೈವರ್ ಪಾತ್ರ. ಅವರು ಖುಷಿಯಾಗಿ ಎದ್ದು ಎದುರಿನ ಅಂಗಡಿಗೆ ಟೀ ಕುಡಿಯಲು ಹೋದರು. ಆ ಹೋಟೆಲಿನ ಅಂಗಡಿಯಲ್ಲಿ ಉಗುರು ತಿದ್ದುವ ಹೆಂಗಸೊಬ್ಬಳಿದ್ದಳಂತೆ. ಆ ಪಾತ್ರಕ್ಕೆ ಮೇಷ್ಟ್ರು ಒಪ್ಪಲಿಲ್ಲ. ಶೂ ಪಾಲಿಶ್ ಮಾಡುವವನಾಗಿ ಬೆಂಚಿನ ಮೇಲೇ ಉಳಿದರು. ಕಿಟ್ಟಿ ಮುಖಕ್ಕೆ ಕರ್ಚೀಫು ಕಟ್ಟಿ, ಬಾಚಣಿಗೆ ಹಿಡಿದು, ಬಾಗಿಲಾಚೆ ನಿಂತ.

ಬಿಸಿ ಟವೆಲ್ಲಿನ ಕೆಳಗೆ ನಿದ್ದೆ ಎಷ್ಟು ಬೇಗ ಬರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ನಾನು ಯಾಕೆ ಕೂತಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ಅಷ್ಟರಲ್ಲಿ "ಢಂ!" ಅಂತ ಕಿಟ್ಟಿಯ ಕೂಗು. ಬೆಚ್ಚಿಬಿದ್ದೆ. ಟವೆಲ್ಲು ಜಾರಿತು. ಕಣ್ಣೆದುರಿಗೇ, ಒಂದು ಮಾರು ದೂರದಲ್ಲಿ, ಕರ್ಚೀಫು ಕಟ್ಟಿದ ಬೋಳುತಲೆ. ಎರಡೂ ಕೈ ಚಾಚಿ ಹಿಡಿಯಲು ಹೋದೆ.

ಕೈಗೆ ಸಿಕ್ಕಿದ್ದು ಗಾಜು. ಕನ್ನಡಿಯ ಕೆಳಗಿನ ಹಲಗೆಯಿಂದ ಹಸಿರು ಲೋಷನ್ ಬಾಟಲಿ ಬಿದ್ದು ಚೂರಾಯಿತು. ಅಂಗಡಿ ತುಂಬಾ ಘಮಘಮ. ಕಿಟ್ಟಿ ನನ್ನ ಹಿಂದೆ ನಿಂತು ಬಾಚಣಿಗೆ ಆಡಿಸುತ್ತಿದ್ದ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಯೋಚಿಸಿದರೆ ಸರಿಯೇ. ಮೂವತ್ತು ವರ್ಷದಿಂದ ನಾನು ಮಂಜಣ್ಣನ ಜೊತೆ ಮಾತಾಡಿದ್ದೆಲ್ಲ ಈ ಕನ್ನಡಿಯೊಳಗಿನ ಮಂಜಣ್ಣನ ಜೊತೆಯೇ. ಅವರು ನಿಂತಿರುವುದು ಹಿಂದೆ, ನಾನು ನಗುವುದು ಮುಂದೆ. ಈ ಕುರ್ಚಿಯಲ್ಲಿ ಕೂತವನಿಗೆ ಇಡೀ ಲೋಕ ಎದುರಿಗೇ ಇರುತ್ತೆ. ಗುಂಡು ಮಾತ್ರ ಹಿಂದಿನಿಂದ ಬರುತ್ತೆ.

"ಸರಿ, ಕನ್ನಡಿ ವಿಷಯ ನಿಜ ಅಂತ ಇಟ್ಕೊಳ್ಳೋಣ" ಎಂದ ಕಿಟ್ಟಿ. ಬಾಟಲಿಯ ಕಡೆ ಅವನು ನೋಡಲೇ ಇಲ್ಲ. "ಕೊಂದವರು ಯಾರು?"

"ಅದನ್ನೇ ನೀನು ಹೇಳಬೇಕು. ಇಬ್ಬರೂ ನಡೆದೇ ಹೊರಗೆ ಹೋದರು. ಒಂದು ಪಿಸ್ತೂಲು ಹೋಟೆಲಿನ ಕಾರಿಡಾರಲ್ಲಿ ಸಿಕ್ತು, ಇನ್ನೊಂದು ಸಬ್‌ವೇ, ಅಂದ್ರೆ ನೆಲದಡಿ ರೈಲು, ಅದರ ಸ್ಟೇಷನ್ನಿನ ಕಸದ ಡಬ್ಬೀಲಿ. ಮಂಜಣ್ಣ ಆಗಲೇ ಹೇಳಿದ್ರಲ್ಲ, ಬಸ್ಸು ಹತ್ತಿ ಹೋಗಲ್ವಾ ಅಂತ. ರೈಲು ಹತ್ತಿದರು ಅಂತ ಕಾಣುತ್ತೆ. ಹಾಲಲ್ಲಿ ಯಾರನ್ನ ಸೇರಿಸ್ತೀಯ?"

ಶೇಷಣ್ಣ ಟೀ ಮುಗಿಸಿ ಬಂದರು. "ಇದಕ್ಕೆ ಪತ್ತೇದಾರ ಯಾಕೋ? ಕುರ್ಚಿ ಖಾಲಿ ಆದ್ಮೇಲೆ ಬಂದು ಕೂತವನು ಯಾರು ಅಂತ ನೋಡು. ನಮ್ಮ ಪೇಪರಲ್ಲಿ ದಿನಾ ಅದೇ ತಾನೇ ಸುದ್ದಿ."

"ಕೂತವನು ಕಾರ್ಲೋ ಗ್ಯಾಂಬಿನೊ. ಇವನ ಕೈಕೆಳಗೇ ಇದ್ದವನು. ಹಿಂದೆ ನಿಂತು ಆಡಿಸಿದವನು ಇನ್ನೊಂದು ಗ್ಯಾಂಗಿನ ವೀಟೊ ಜೆನೊವೀಸ್ ಅಂತ ಬಹಳ ಜನರ ಲೆಕ್ಕ. ಇನ್ನು ಕೆಲವರು ಹವಾನಾ ಕಡೆ ಕೈ ತೋರಿಸ್ತಾರೆ. ಕ್ಯೂಬಾದಲ್ಲಿ ಆಗ ದೊಡ್ಡ ದೊಡ್ಡ ಹೋಟೆಲು ಏಳ್ತಿದ್ವು, ಹೋಟೆಲಿಗೊಂದು ಜೂಜಿನ ಕೋಣೆ. ಅದರಲ್ಲಿ ತನಗೂ ಪಾಲು ಬೇಕು ಅಂತ ಇವನು ಕೈ ಹಾಕಿದ್ದನಂತೆ."

"ನೋಡಿದ್ರಾ, ಬಿಡಿಸಿದೆ" ಎಂದರು ಶೇಷಣ್ಣ.

"ನೀನು ಬಿಡಿಸಿದ್ದು ಲಾಭ ಯಾರಿಗೆ ಅಂತ. ಕೋರ್ಟಿಗೆ ಬೇಕಾಗಿದ್ದು ಕೈ ಯಾರದು ಅಂತ. ಈ ಕೇಸಲ್ಲಿ ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಗ್ಯಾಂಬಿನೊ 1976ರಲ್ಲಿ ತನ್ನ ಮನೇಲೇ ಸತ್ತ, ಹೃದಯಾಘಾತ."

ಕಿಟ್ಟಿಗೆ ಸಿಟ್ಟು ಬಂತು. "ಅಂಗಡೀಲಿ ಅಷ್ಟು ಜನ ಇದ್ರಲ್ಲ, ನೋಡಿದವರು ಒಬ್ಬರೂ ಹೇಳಲಿಲ್ವಾ?"

ಮೇಷ್ಟ್ರಿಗೆ ಇದೇ ಪ್ರಶ್ನೆ ಬೇಕಾಗಿತ್ತು. ಅದೇ ಹೋಟೆಲು, ಪಾರ್ಕ್ ಸೆಂಟ್ರಲ್ ಅನ್ನುವ ಹೆಸರಿದ್ದಾಗ, 1928ರ ನವೆಂಬರಿನಲ್ಲಿ ಆರ್ನಾಲ್ಡ್ ರಾತ್‌ಸ್ಟೈನ್ ಎಂಬ ಜೂಜುಕೋರನಿಗೂ ಗುಂಡು ಬಿದ್ದಿತ್ತಂತೆ. ಎರಡು ದಿನ ಆಸ್ಪತ್ರೆಯಲ್ಲಿ ಜೀವ ಹಿಡಿದಿದ್ದ. ಹೊಡೆದದ್ದು ಯಾರು ಅಂತ ಬಾಯಿಬಿಡದೆ ಸತ್ತ. ಇನ್ನೂ ಚೆನ್ನಾಗಿರುವುದು ಫ್ರಾಂಕ್ ಕಾಸ್ಟೆಲೊ ಎಂಬ ಮಾಫಿಯಾ ದೊರೆಯದು. 1957ರ ಮೇ ತಿಂಗಳಲ್ಲಿ ಅವನ ಅಪಾರ್ಟ್‌ಮೆಂಟಿನ ಕೆಳಗೇ ಒಬ್ಬ ಗುಂಡು ಹೊಡೆದ. ತಲೆ ಸವರಿಕೊಂಡು ಹೋಯಿತು, ಬದುಕಿದ. ಕೋರ್ಟಿನಲ್ಲಿ ಆಪಾದಿತನನ್ನು ಎದುರಿಗೆ ನಿಲ್ಲಿಸಿ ಕೇಳಿದರೆ, ಇವನೇ ಅಂತ ಹೇಳಲು ಒಪ್ಪಲಿಲ್ಲ. ಆಪಾದಿತ ಬಿಡುಗಡೆಯಾದ.

"ಗುಂಡು ತಿಂದವನೇ ನೋಡಿಲ್ಲ ಅಂದ್ರೆ ಅಜ್ಜಿ ಸ್ವೆಟರ್ ಹಾಕಿ ಏನು ಪ್ರಯೋಜನ?" ಎಂದೆ ನಾನು. ನನ್ನ ಮಾತಿಗೆ ಯಾರೂ ನಗಲಿಲ್ಲ. ಅರ್ಧ ಕಟಿಂಗ್ ಆದವನ ಮಾತಿಗೆ ಬೆಲೆ ಕಡಿಮೆ.

"ಹಾಗಂತ ಪತ್ತೇದಾರಿಕೆ ನಡೀಲೇ ಇಲ್ಲ ಅಂತಲ್ಲ" ಎಂದರು ಮೇಷ್ಟ್ರು. "ಮೂರು ವಾರಕ್ಕೆ ಇನ್ನೊಂದು ಕತೆ ಆಯ್ತು. ಇದು ಶೇಷನ ಇಲಾಖೆ. ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆ ಎಡ್ಗರ್ ಕ್ರಾಸ್‌ವೆಲ್ ಅಂತ ಒಬ್ಬ ಪೊಲೀಸ್ ಸಾರ್ಜೆಂಟು. ಯಾವುದೋ ದುಡ್ಡಿಲ್ಲದ ಚೆಕ್ಕಿನ ವಿಚಾರಣೆಗೆ ಒಂದು ಮೋಟೆಲಿಗೆ ಹೋಗಿದ್ದ."

"ಚೆಕ್ ಬೌನ್ಸು!" ಶೇಷಣ್ಣ ನೆಟ್ಟಗೆ ಕೂತರು.

"ಆಗ ಜೋಸೆಫ್ ಬಾರ್ಬರ ಅನ್ನೋ ಶ್ರೀಮಂತನ ಮಗ ಕೌಂಟರಿಗೆ ಬಂದು ರೂಮು ಬುಕ್ ಮಾಡಿದ. ಉಳ್ಕೊಳ್ಳೋರ ಹೆಸರು ಮಾತ್ರ ಹೇಳಲೊಲ್ಲ. ಸಾರ್ಜೆಂಟು ಪಕ್ಕದಲ್ಲೇ ಕದ್ದು ಕೇಳಿಸ್ಕೊಂಡ. ಮಾರನೇ ದಿನ, ನವೆಂಬರ್ 14, ಅಪಲೇಕಿನ್ ಅನ್ನೋ ಊರಲ್ಲಿ ಆ ಬಾರ್ಬರನ ಮನೆ ಮುಂದೆ ನೋಡಿದ್ರೆ ಸಾಲು ಸಾಲು ದುಬಾರಿ ಕಾರು. ದೇಶದ ಮಾಫಿಯಾ ದೊಡ್ಡೋರೆಲ್ಲ ಸಭೆ ಸೇರಿದ್ದಾರೆ! ಪೊಲೀಸರನ್ನ ಕಂಡದ್ದೇ ರೇಷ್ಮೆ ಸೂಟು ಹಾಕ್ಕೊಂಡು ಕಾಡಿಗೆ ಓಡಿದರು. ಸುಮಾರು ಅರವತ್ತು ಜನ ಸಿಕ್ಕಿಬಿದ್ರು. ಆವರೆಗೂ ದೇಶಕ್ಕೆಲ್ಲ ಹಬ್ಬಿದ ಮಾಫಿಯಾ ಅಂತ ಒಂದಿದೆ ಅನ್ನೋದನ್ನೇ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಮುಖ್ಯಸ್ಥ ಹೂವರ್ ಸಾಹೇಬರು ಒಪ್ತಿರಲಿಲ್ಲ."

"ಮನೆ ಹೆಸರೂ ಬಾರ್ಬರನೇ?" ಎಂದು ಮಂಜಣ್ಣ ನಕ್ಕರು. ಆಮೇಲೆ ಸುಮ್ಮನಾದರು. ಕತ್ತರಿಯಿಂದ ಗಾಳಿಯಲ್ಲಿ ಎರಡು ಸಲ ಕಟಕಟ ಅನ್ನಿಸಿದರು. ಅದು ಅವರು ಯೋಚಿಸುವ ರೀತಿ.

"ಮೇಷ್ಟ್ರೇ, ಆ ಇಬ್ಬರು ಮುಖಕ್ಕೆ ತಾನೇ ಬಟ್ಟೆ ಕಟ್ಟಿದ್ದು?"

"ಹೌದು."

"ಗುಂಡು ಹೊಡೆದು ತಿರುಗಿ ಹೋದ್ರಲ್ಲ? ಆಗ ಬಾರ್ಬರಿಗೆ ಕಂಡಿದ್ದು ಕತ್ತು. ಕತ್ತಿಗೆ ಯಾರೂ ಬಟ್ಟೆ ಕಟ್ಟಲ್ಲ ಸಾರ್."

"ಟೋಪಿ ಇತ್ತೇನೋ" ಎಂದ ಕಿಟ್ಟಿ.

"ಟೋಪಿ ಎಷ್ಟು ಮುಚ್ಚುತ್ತೆ ಕಿಟ್ಟಿ ಅವ್ರೇ? ಕಿವಿ ಹಿಂದೆ ಮಿಷನ್ ಓಡ್ಸಿದ್ದಾರಾ, ಕತ್ತರೀಲಿ ಇಳಿಸಿದ್ದಾರಾ, ಬ್ಲೇಡಲ್ಲಿ ಗೆರೆ ಎಳೆದಿದ್ದಾರಾ, ಸುಳಿ ಎಡಕ್ಕಾ ಬಲಕ್ಕಾ. ನಮ್ಮ ಬಡಾವಣೇಲಿ ಬೆನ್ನು ಮಾಡಿ ಹೋಗೋ ಯಾರನ್ನಾದ್ರೂ ತೋರಿಸಿ, ಯಾವ ಅಂಗಡೀಲಿ ಮಾಡಿಸಿದ್ದು, ಎಷ್ಟು ದಿನ ಆಯ್ತು, ಹೇಳ್ತೀನಿ. ಅಲ್ಲಿ ಅಷ್ಟು ಜನ ಬಾರ್ಬರುಗಳು. ಒಬ್ಬನಿಗೂ ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಲ್ಲ."

ಕಿಟ್ಟಿಯ ಬಾಯಿ ತೆರೆದೇ ಇತ್ತು. ರಾತ್ರಿ ಎರಡರವರೆಗೆ ಓದಿದರೂ ಇದು ಅವನಿಗೆ ಹೊಳೆದಿರಲಿಲ್ಲ. "ಮತ್ತೆ ಯಾಕೆ ಹೇಳಲಿಲ್ಲ?"

"ನಾಳೆ ಅಂಗಡಿ ಬಾಗಿಲು ತೆಗೀಬೇಕಲ್ಲ ಸ್ವಾಮಿ."

ಆ ಕುರ್ಚಿ ಈಗ ಲಾಸ್ ವೇಗಸ್‌ನ ಮಾಫಿಯಾ ಮ್ಯೂಸಿಯಮ್ಮಿನಲ್ಲಿದೆ, ಟಿಕೆಟ್ ತಗೊಂಡು ನೋಡಬಹುದು ಎಂದರು ಮೇಷ್ಟ್ರು. ಮಂಜಣ್ಣ ತಮ್ಮ ಲಿವರು ಕೆಟ್ಟ ಕುರ್ಚಿಯ ಕಡೆ ಒಂದು ಆಸೆಯ ನೋಟ ಬೀರಿದರು. ಆಮೇಲೆ ಬಗ್ಗಿ, ಗಾಜಿನ ಚೂರುಗಳನ್ನು ಹಳೇ ಪೇಪರಿಗೆ ಬಳಿದುಕೊಂಡರು.

"ಇದು ನೂರಾ ಎಂಬತ್ತು ರೂಪಾಯಿ ಬಾಟಲಿ. ಹೋದ ವಾರ ತಂದಿದ್ದು. ಬೀಳಿಸಿದ್ದು ಯಾರು?"

ಮೇಷ್ಟ್ರು ಪೇಪರ್ ಅಗಲಿಸಿ ಮುಖಕ್ಕೆ ಹಿಡಿದರು.

"ನಾನು ಟೀ ಅಂಗಡೀಲಿದ್ದೆ" ಎಂದರು ಶೇಷಣ್ಣ.

"ನನ್ನ ಕರ್ಚೀಫು ಕಣ್ಣಿನವರೆಗೂ ಬಂದಿತ್ತು. ಏನೂ ಕಾಣ್ಲಿಲ್ಲ" ಎಂದ ಕಿಟ್ಟಿ.

"ನನ್ನ ಮುಖದ ಮೇಲೆ ಟವೆಲ್ಲಿತ್ತಲ್ಲ ಮಂಜಣ್ಣ" ಎಂದೆ ನಾನು.

ಮಂಜಣ್ಣ ಕನ್ನಡಿಯಲ್ಲಿ ನಮ್ಮ ನಾಲ್ವರನ್ನೂ ಒಂದು ಸುತ್ತು ನೋಡಿದರು. ಕುತ್ತಿಗೆಯ ಬಟ್ಟೆ ಬಿಚ್ಚಿ ಪಟ್ಟಂತ ಕೊಡವಿದರು. ಕತ್ತರಿ ಡ್ರಾಯರಿಗೆ ಹೋಯಿತು.

"ಸರಿ ಸಾರ್. ಬಲಗಡೆ ಕೃತಾ ಮುಂದಿನ ಭಾನುವಾರ ಮಾಡೋಣ."